ಒಂದು ಹಿತ್ತಿಲು, ಹಲವು ಹವೆ

ಹಿತ್ತಲ ಗಿಡ ಮದ್ದಲ್ಲವೆಂಬುದು ನಮ್ಮಲ್ಲಿ ಬಹು ಹಳೆಯ ಮಾತು. ಕೈಗೆಟುಕುವಂತಿರುವುದರಲ್ಲಿ ನಮಗೆ ಆದರವಿಲ್ಲ. ದೂರದ್ದೇ ಹಿರಿದು, ಕಾಣದ್ದೇ ಚೆಲುವು ಎಂದು ಬಗೆಯುವ ಮನುಷ್ಯಸ್ವಭಾವವನ್ನು ಈ ಗಾದೆ ಮೆಲ್ಲನೆ ಗೇಲಿಮಾಡುತ್ತದೆ. ಇದಕ್ಕೆ ತನ್ನ ಬಾಳಿನಿಂದಲೇ ಮರುಮಾತು ಕೊಟ್ಟವನೊಬ್ಬನು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿದ್ದನು. ಅವನೇ ಗಿಲ್ಬರ್ಟ್ ವೈಟ್. ಸೆಲ್ಬೋರ್ನ್ ಎಂಬ ತನ್ನ ಹಳ್ಳಿಯ ನಿಸರ್ಗವನ್ನು ಕುರಿತು ಅವನು ಬರೆದ ಪುಸ್ತಕ ಇಂಗ್ಲಿಷ್ ಗದ್ಯದ ಹೆಮ್ಮೆಗಳಲ್ಲಿ ಒಂದೆಂದು ಸಾಹಿತ್ಯದ ವಿದ್ಯಾರ್ಥಿಗಳೆಲ್ಲರೂ ಕೇಳಿರುತ್ತಾರೆ. ಹಕ್ಕಿಗಳ ಗೆಳೆಯನೆಂದು ಅವನ ಖ್ಯಾತಿ. ನಾನು ಹೇಳಹೊರಟಿರುವುದು ಆ ವೈಟನ ವಿಷಯವನ್ನಲ್ಲ. ತನ್ನ ಹಿತ್ತಿಲಿನ ಬಿಸಿಲು, ನೆರಳು, ಗಾಳಿ, ಹಿಮಗಳ ಲೆಕ್ಕವನ್ನು ನಾಲ್ವತ್ತು ವರ್ಷಗಳ ಕಾಲ ಬಿಡದೆ ಬರೆದಿಟ್ಟ ತೋಟಿಗನ ವಿಷಯವನ್ನು.

ಈ ತೋಟಿಗನ ಪರಿಚಯ ನನಗಾದುದು ಸಾಹಿತ್ಯದ ದಾರಿಯಿಂದಲ್ಲ, ಬಾಡಿದ ಒಂದು ಬಳ್ಳಿಯಿಂದ. ಧಾರವಾಡದಲ್ಲಿ ಮನೆ ಕಟ್ಟಿಸಿದ ಹೊಸತರಲ್ಲಿ ಶಿರಸಿಯ ಕಡೆಯ ನಂಟರ ತೋಟದಿಂದ ಎಲೆಬಳ್ಳಿಯ ಕುಡಿಯನ್ನು ತಂದು, ಓದುವ ಕೋಣೆಯ ಕಿಟಕಿಗೆ ಕಾಣಲೆಂದು ಪಡುವಣ ಗೋಡೆಯ ಬುಡಕ್ಕೆ ನೆಟ್ಟೆ. ಮೊದಲ ಬೇಸಿಗೆಗೇ ಅದು ಒಣಗಿತು. ಮರುವರ್ಷ ಮತ್ತೊಂದನ್ನು ತಂದೆ. ಅದಕ್ಕೂ ಅದೇ ಗತಿ. ಮೂರನೆಯ ಸಲ ಅವ್ವ ನನ್ನ ಕೈಯಿಂದ ಕುಡಿಯನ್ನು ತೆಗೆದುಕೊಂಡು, ಬಚ್ಚಲ ನೀರು ಹರಿಯುವೆಡೆಯಲ್ಲಿ, ಮೂಡಣ ಗೋಡೆಗೆ ಸೇರಿದಂತೆ, ನುಗ್ಗೆಯ ಮರದ ಬುಡದಲ್ಲಿ ಊರಿದಳು. ಅದು ಹಬ್ಬಿತು. ಕಾರಣವನ್ನು ಕೇಳಿದರೆ, ಅದಕ್ಕೆ ಅಲ್ಲಿ ಹಿಡಿಸುತ್ತದೆ ಎಂದಷ್ಟೇ ಹೇಳಿದಳು. ಇಂದು ಅವ್ವನಿಲ್ಲ, ಬಳ್ಳಿ ಇದೆ. ಯಾವ ಮೂಲೆಗೆ ಯಾವ ತಿಂಗಳಲ್ಲಿ ಎಷ್ಟು ಹೊತ್ತು ಬಿಸಿಲು, ಯಾವ ಮಗ್ಗುಲಲ್ಲಿ ಇಬ್ಬನಿ ತಡವಾಗಿ ಆರುತ್ತದೆ, ಎಲ್ಲಿ ಗಾಳಿ ಸುಳಿಯುತ್ತದೆ ಎಂಬ ಅವಳ ತಿಳಿವಳಿಕೆಯಲ್ಲಿ ನನಗೆ ದಕ್ಕಿದ್ದು ಅಲ್ಪ. ಉಳಿದುದು ಅವಳೊಡನೆಯೇ ಹೋಯಿತು. ಆ ದಿನಗಳಲ್ಲಿ ಕಾಲೇಜಿನ ಪುಸ್ತಕಭಂಡಾರದಲ್ಲಿ ವೈಟನ ಪುಸ್ತಕ ನನ್ನ ಕೈಗೆ ಬಂತು.

ಇಂಗ್ಲೆಂಡಿನ ದಕ್ಷಿಣಕ್ಕಿರುವ ಹ್ಯಾಂಪ್‌ಷೈರ್ ಪ್ರಾಂತದಲ್ಲಿ ಸೆಲ್ಬೋರ್ನ್ ಒಂದು ಸಣ್ಣ ಹಳ್ಳಿ. ಅಲ್ಲಿಯ ಪಾದ್ರಿಮನೆಯಲ್ಲಿ 1720ರ ಜುಲೈ 18ರಂದು ಗಿಲ್ಬರ್ಟ್ ವೈಟ್ ಹುಟ್ಟಿದನು. ಆ ಊರಿನ ಪಾದ್ರಿಯಾಗಿದ್ದ ಅಜ್ಜನ ಹೆಸರೇ ಮೊಮ್ಮಗನಿಗೂ ಬಂತು. ತಂದೆ ನ್ಯಾಯಶಾಸ್ತ್ರವನ್ನು ಓದಿದವನು. ಹುಡುಗನು ಆಕ್ಸ್‌ಫರ್ಡಿನ ಓರಿಯಲ್ ಕಾಲೇಜನ್ನು ಸೇರಿ, 1743ರಲ್ಲಿ ಪದವಿಯನ್ನೂ ಮರುವರ್ಷ ಅದೇ ಕಾಲೇಜಿನ ಫೆಲೋ ಎಂಬ ಸ್ಥಾನವನ್ನೂ ಪಡೆದನು. ಮುಂದೆ ಪಾದ್ರಿದೀಕ್ಷೆಯೂ ಆಯಿತು. ಬುದ್ಧಿ, ಕುಲ, ವಿದ್ಯೆ ಮೂರೂ ಇದ್ದ ತರುಣನಿಗೆ ಆ ಕಾಲದಲ್ಲಿ ಏರಲು ಮೆಟ್ಟಿಲುಗಳು ಸಿದ್ಧವಾಗಿದ್ದವು. 1757ರಲ್ಲಿ ಅವನು ತನ್ನ ಕಾಲೇಜಿನ ಮುಖ್ಯಸ್ಥನ ಸ್ಥಾನಕ್ಕೆ ಸ್ಪರ್ಧಿಸಿ ಸೋತನು. ಆ ಬಳಿಕ ಏರುವ ಆಸೆ ಅವನಲ್ಲಿ ಮತ್ತೆ ಬಲವಾಗಿ ತಲೆಯೆತ್ತಿದಂತೆ ಕಾಣುವುದಿಲ್ಲ.

ವಿಧಿಯ ಕೊಂಕೊಂದು ಇಲ್ಲಿದೆ. ಹುಟ್ಟಿದೂರಿನ ಪಾದ್ರಿಯಾಗಿಯಾದರೂ ನೆಲೆಸೋಣವೆಂದರೆ, ಸೆಲ್ಬೋರ್ನಿನ ಪಾದ್ರಿಯನ್ನು ನೇಮಿಸುವ ಹಕ್ಕು ಮಾಡ್ಲಿನ್ ಎಂಬ ಬೇರೊಂದು ಕಾಲೇಜಿನದಾಗಿತ್ತು. ಓರಿಯಲ್ಲಿನವನಾದ ವೈಟನಿಗೆ ಆ ಪೀಠ ಎಂದೂ ದೊರೆಯುವಂತಿರಲಿಲ್ಲ. ಆದುದರಿಂದ ಅವನು ಪಕ್ಕದ ಫ್ಯಾರಿಂಗ್ಡನ್ ಹಳ್ಳಿಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಉಪಪಾದ್ರಿಯಾಗಿದ್ದು, ಕೊನೆಯ ವರ್ಷಗಳಲ್ಲಿ ತನ್ನೂರಿನಲ್ಲಿಯೂ ಉಪಪಾದ್ರಿಯಾಗಿಯೇ ಸೇವೆ ಸಲ್ಲಿಸಿದನು. ಮದುವೆಯಾದರೆ ಫೆಲೋ ಸ್ಥಾನ ಹೋಗುತ್ತಿತ್ತು; ಅವನು ಮದುವೆಯಾಗಲಿಲ್ಲ. ‘ವೇಕ್ಸ್’ ಎಂಬ ಮನೆಯೊಂದು ಸೆಲ್ಬೋರ್ನಿನ ಬೀದಿಯಲ್ಲಿ ಅವರ ಮನೆತನಕ್ಕೆ ಸೇರಿದ್ದಿತು. 1763ರಲ್ಲಿ ಅದು ಅವನದಾಯಿತು. ಆ ಮನೆಯೇ, ಅದರ ಹಿಂದಿನ ಹಿತ್ತಿಲೇ ಅವನ ಪ್ರಪಂಚ. ಲೌಕಿಕರು ಇದನ್ನು ಸೋತ ಬಾಳೆಂದು ಕರೆದಾರು. ನಲವತ್ತು ದಾಟಿಯೂ ಒಂದೇ ಊರಿನ ಒಂದೇ ಕಾಲೇಜಿನಲ್ಲಿ ಪಾಠ ಹೇಳುತ್ತಿರುವ ನನ್ನಂಥವನಿಗೆ ಹಾಗೆನ್ನಲು ನಾಲಗೆ ಬಾರದು.

ಸೆಲ್ಬೋರ್ನಿನ ನೆಲದ ವಿನ್ಯಾಸವನ್ನು ವಾಚಕರು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಹಳ್ಳಿಯ ನೈಋತ್ಯಕ್ಕೆ ಸುಮಾರು 300 ಅಡಿ ಎತ್ತರದ ಸುಣ್ಣಕಲ್ಲಿನ ಗುಡ್ಡ. ಅದರ ಕಡಿದಾದ ಇಳಿಜಾರಿನ ತುಂಬ ಬೀಚ್ ಮರಗಳ ಕಾಡು. ಗುಡ್ಡದ ಬುಡದಲ್ಲಿ ಊರಿನ ಒಂದೇ ಬೀದಿ. ಸೋಜಿಗವೆಂದರೆ, ಆ ಬೀದಿಯ ಗಾಡಿದಾರಿಯೇ ಎರಡು ಬಗೆಯ ಮಣ್ಣಿನ ಎಲ್ಲೆಯಾಗಿತ್ತು. ಈಶಾನ್ಯದ ಮಗ್ಗುಲಿನ ಹಿತ್ತಿಲುಗಳದು ಸಡಿಲಾದ, ಬೆಚ್ಚನೆಯ, ಬೇಗ ಬೆಳೆ ಕೊಡುವ ಕಪ್ಪುಮಣ್ಣು. ನೈಋತ್ಯದ ಮಗ್ಗುಲಿನದು ವರ್ಷಗಟ್ಟಲೆ ಬೆವರು ಸುರಿಸಿದರೂ ಹದಕ್ಕೆ ಬಾರದ ಜಿಗುಟು ಜೇಡಿ. ವೈಟನ ಮನೆಯಿದ್ದುದು ಈ ಜೇಡಿಯ ಮಗ್ಗುಲಲ್ಲಿ. ಬೀದಿ ದಾಟಿದರೆ ಬೇರೆ ನೆಲ, ಗುಡ್ಡವೇರಿದರೆ ಬೇರೆ ಗಾಳಿ. ಒಂದು ಊರಿಗೆ ಒಂದೇ ಹವೆಯೆಂಬ ಮಾತನ್ನು ನಂಬದಿರಲು ಇದಕ್ಕಿಂತ ತಕ್ಕ ಪಾಠಶಾಲೆ ಬೇಕೆ?

1751ರಲ್ಲಿ ಅವನು ತೋಟದ ದಿನಚರಿಯೊಂದನ್ನು ಆರಂಭಿಸಿದನು. ಯಾವ ದಿನ ಯಾವ ಬೀಜ ಬಿತ್ತಿದೆ, ಯಾವ ಪಾತಿಗೆ ಎಷ್ಟು ಗೊಬ್ಬರ, ಎಂದು ಮೊಳೆತಿತು, ಎಂದು ಹಿಮಕ್ಕೆ ಸತ್ತಿತು ಎಂಬುದೇ ಅದರ ಒಕ್ಕಣೆ. ಜೇಡಿಗೆ ಬೂದಿ, ಮರಳು, ಗೊಬ್ಬರಗಳನ್ನು ಬೆರೆಸಿ ಅದನ್ನು ಸಡಿಲಿಸುವುದೇ ಅವನ ಮೊದಲ ಸಾಹಸ. ಅವನ ಅಚ್ಚುಮೆಚ್ಚಿನ ಬೆಳೆ ಕರಬೂಜ. ಬಿಸಿಲುನಾಡಿನ ಆ ಬಳ್ಳಿ ಇಂಗ್ಲೆಂಡಿನ ಚಳಿಯಲ್ಲಿ ತಾನಾಗಿ ಬದುಕದು. ಅದಕ್ಕೆಂದು ಅವನು ಹಸಿಯ ಕುದುರೆಲದ್ದಿಯನ್ನು ಗಾಡಿಗಟ್ಟಲೆ ತರಿಸಿ, ಒಟ್ಟಿ, ಅದು ಕೊಳೆಯುವಾಗ ಹುಟ್ಟುವ ಕಾವಿನ ಮೇಲೆ ಮಣ್ಣು ಹರಡಿ, ಗಾಜಿನ ಚೌಕಟ್ಟು ಮುಚ್ಚಿ, ಬಿಸಿಪಾತಿಗಳನ್ನು ಮಾಡುತ್ತಿದ್ದನು. ಕಾವು ಹೆಚ್ಚಿದರೆ ಬೇರು ಬೆಂದುಹೋಗುತ್ತದೆ. ಕಡಿಮೆಯಾದರೆ ಸಸಿ ಮುದುಡುತ್ತದೆ. ಹಸುಗೂಸಿನ ಮೈಬಿಸಿ ನೋಡುವಂತೆ ದಿನದಿನವೂ ಅದನ್ನು ನೋಡಿಕೊಳ್ಳಬೇಕು. ನಾಲ್ಕು ಹಲಗೆಗಳ ನಡುವೆ ಅವನು ಬೇರೊಂದು ದೇಶದ ಹವೆಯನ್ನೇ ಕಟ್ಟಿದನು. 1758ರ ಸೆಪ್ಟೆಂಬರಿನಲ್ಲಿ ಗುಡ್ಡದ ಮೇಲಣ ತನ್ನ ಎಲೆವನೆಯಲ್ಲಿ ನೆಂಟರಿಷ್ಟರನ್ನು ಕೂಡಿಸಿ ಕರಬೂಜದ ಔತಣವನ್ನೇ ನಡೆಸಿದನು.

ಗೋಡೆಗಳ ಮಹಿಮೆಯನ್ನೂ ಅವನು ಬಲ್ಲವನು. ಹಗಲೆಲ್ಲ ಬಿಸಿಲನ್ನು ಕುಡಿದ ಗೋಡೆ ಇರುಳಿನಲ್ಲಿ ಅದನ್ನು ಮೆಲ್ಲನೆ ಹೊರಕ್ಕೆ ಬಿಡುತ್ತದೆ. ಅದಕ್ಕೆ ಒರಗಿದ ಗಿಡಕ್ಕೆ ಅದು ಕಂಬಳಿಯಿದ್ದಂತೆ. ಆ ದೇಶದಲ್ಲಿ ಪೀಚ್ ಮೊದಲಾದ ನವುರಾದ ಹಣ್ಣುಗಳನ್ನು ಗೋಡೆಗೆ ತೆಕ್ಕೆಹಾಕಿಸಿ ಬೆಳೆಸುವ ಪದ್ಧತಿಯೇ ಇದೆ. ವೈಟನು ಹಣ್ಣಿನ ಗೋಡೆಯೊಂದನ್ನು ಕಟ್ಟಿಸಿದನು; ಮನೆಯ ಗೋಡೆಗಳ ಮೇಲೆ ದ್ರಾಕ್ಷಿಯನ್ನು ಹಬ್ಬಿಸಿದನು. 1761ರಲ್ಲಿ, ದನಕರು ನುಗ್ಗದಂತೆಯೂ ನೋಟಕ್ಕೆ ಬೇಲಿ ಅಡ್ಡಬಾರದಂತೆಯೂ, ತೋಟದ ಅಂಚಿಗೆ ಹಳ್ಳ ತೋಡಿಸಿ ಅದರ ಒಳಮಗ್ಗುಲಿಗೆ ತಗ್ಗಿನ ಗೋಡೆಯೊಂದನ್ನು ಎಬ್ಬಿಸಿದನು. ಅವನು ಹುಟ್ಟುವುದಕ್ಕೆ ಮುನ್ನವೇ, 1699ರಲ್ಲಿ, ಫಾಸಿಯೋ ಎಂಬ ಸ್ವಿಸ್ ಗಣಿತಜ್ಞನು ಹಣ್ಣಿನ ಗೋಡೆಗಳನ್ನು ನೆಟ್ಟಗೆ ಕಟ್ಟದೆ ಬಿಸಿಲಿಗೆ ಎದುರಾಗಿ ಓರೆಯಾಗಿಸಬೇಕೆಂದು ಲೆಕ್ಕಹಾಕಿ ಪುಸ್ತಕವನ್ನೇ ಬರೆದಿದ್ದನು. ಆ ಪುಸ್ತಕ ವೈಟನಿಗೆ ಗೊತ್ತಿತ್ತು. ಆದರೆ ಅದರ ತತ್ತ್ವವನ್ನು ಅವನು ಕಂಡುಕೊಂಡುದು ಒಂದು ಆಮೆಯಲ್ಲಿ.

ಸಸೆಕ್ಸಿನ ರಿಂಗ್ಮರಿನಲ್ಲಿದ್ದ ಅವನ ಸೋದರತ್ತೆಯ ಮನೆಯಲ್ಲಿ ಒಂದು ಮುದಿ ನೆಲಆಮೆಯಿತ್ತು. 1780ರಲ್ಲಿ ಆಕೆ ತೀರಿಕೊಂಡಾಗ ವೈಟನು ಅದನ್ನು ಸೆಲ್ಬೋರ್ನಿಗೆ ತಂದನು. ತಿಮೋತಿ ಎಂದು ಅದರ ಹೆಸರು. ಅದು ಹೆಣ್ಣೆಂಬುದು ಸತ್ತ ಮೇಲೆ ತಿಳಿದ ಸಂಗತಿ. ಬಿರುಬೇಸಿಗೆಯಲ್ಲಿ ಆ ಆಮೆ ದೊಡ್ಡ ಕೋಸಿನೆಲೆಯನ್ನು ಕೊಡೆಯಾಗಿ ಮಾಡಿಕೊಂಡು ಅದರ ಅಡಿಯಲ್ಲಿ ತಣ್ಣಗಿರುತ್ತಿತ್ತು. ಬಿಸಿಲು ಬಡವಾಗುವ ಶರತ್ಕಾಲದಲ್ಲಿ ಹಣ್ಣಿನ ಗೋಡೆಯ ಬಳಿಗೆ ಬಂದು, ಚಿಪ್ಪಿನ ಒಂದು ಅಂಚನ್ನು ಗೋಡೆಗೆ ಆನಿಸಿ ಮೈಯನ್ನು ಓರೆಮಾಡಿ, ಸೂರ್ಯನ ಕೊನೆಯ ಕಿರಣವನ್ನೂ ಪೋಲಾಗದಂತೆ ಹಿಡಿದುಕೊಳ್ಳುತ್ತಿತ್ತು. ಗಣಿತಜ್ಞನು ಬರೆದುದನ್ನು ಆಮೆ ಓದದೆಯೇ ಅರಿತಿತ್ತೆಂದು ವೈಟನು ನಸುನಗುತ್ತ ಬರೆದುಕೊಂಡನು. ನನಗೆ ಅದನ್ನು ಓದಿದಾಗ ಬಚ್ಚಲ ಬಳಿಯ ಎಲೆಬಳ್ಳಿಯೂ ಅದನ್ನು ನೆಟ್ಟ ಕೈಯೂ ನೆನಪಿಗೆ ಬಂದವು.

1768ರಿಂದ ಅವನ ದಾಖಲೆಗೆ ಹೊಸ ರೂಪ ಬಂತು. ಡೇನ್ಸ್ ಬ್ಯಾರಿಂಗ್ಟನ್ ಎಂಬ ವಿದ್ವಾಂಸನು ರೂಪಿಸಿದ್ದ, ಉಷ್ಣತೆ, ವಾಯುಭಾರ, ಗಾಳಿ, ಮಳೆ, ಹೂ, ಹಕ್ಕಿಗಳಿಗೆ ಬೇರೆಬೇರೆ ಅಂಕಣಗಳಿದ್ದ ಅಚ್ಚಿನ ದಿನಚರಿ ಅವನಿಗೆ ದೊರೆಯಿತು. ಅಂದಿನಿಂದ ಸಾಯುವ ತಿಂಗಳವರೆಗೂ ಅವನು ಅದನ್ನು ತುಂಬಿದನು. ತಾನು ಊರಲ್ಲಿಲ್ಲದಾಗ ತೋಟದಾಳು ಥಾಮಸ್ ಹೋರ್ ನೋಡಿಕೊಳ್ಳುತ್ತಿದ್ದನು. ಅದೇ ವರ್ಷದ ಜನವರಿಯಲ್ಲಿ ಬಿದ್ದ ಕಡುಹಿಮ ಅವನಿಗೊಂದು ಪಾಠ ಕಲಿಸಿತ್ತು. ಸದಾ ಹಸುರಾಗಿರುವ ನವುರು ಗಿಡಗಳನ್ನು ದಕ್ಷಿಣದ ಬಿಸಿಲುಮಗ್ಗುಲಿಗೆ ನೆಟ್ಟರೆ ಕ್ಷೇಮವೆಂಬುದು ಎಲ್ಲರ ಎಣಿಕೆ. ಆದದ್ದು ಬೇರೆ. ಹಗಲ ಬಿಸಿಲಿಗೆ ಎಲೆಯ ಮೇಲಣ ಹಿಮ ಕರಗುವುದು, ಇರುಳ ಚಳಿಗೆ ಆ ನೀರು ಮತ್ತೆ ಹೆಪ್ಪುಗಟ್ಟುವುದು. ಈ ಏರಿಳಿತಕ್ಕೆ ಸಿಕ್ಕ ಬಿಸಿಲುಮಗ್ಗುಲಿನ ಗಿಡಗಳು ಸುಟ್ಟಂತಾದವು. ಉತ್ತರದ ನೆರಳಿನಲ್ಲಿದ್ದವು ಹಸುರಾಗಿಯೇ ಉಳಿದವು. ಕೊಲ್ಲುವುದು ಬರಿಯ ಚಳಿಯಲ್ಲ, ಚಳಿ-ಬಿಸಿಲುಗಳ ಹಠಾತ್ ಬದಲಾವಣೆ ಎಂದು ಅವನು ತಿಳಿದನು.

ಮರಗಳೂ ತಮ್ಮ ಸುತ್ತ ತಮ್ಮದೇ ಹವೆಯನ್ನು ಹಬ್ಬಿಸುತ್ತವೆಂಬುದನ್ನು ಅವನು ಗಮನಿಸಿದನು. ಮಂಜು ಕವಿದ ದಿನ ಎಲೆದುಂಬಿದ ಓಕ್ ಮರವೊಂದು ಹನಿಹನಿಯಾಗಿ ತೊಟ್ಟಿಕ್ಕಿ, ಅದರಡಿಯ ಗಾಡಿದಾರಿಯಲ್ಲಿ ನೀರು ನಿಂತಿತ್ತು. ಉಳಿದ ನೆಲವೆಲ್ಲ ಧೂಳು. ಗುಡ್ಡದ ನೆತ್ತಿಯ ಮೇಲೆ ಮೂರಡಿಗಿಂತ ಹೆಚ್ಚು ಆಳವಿರದ, ಮೂವತ್ತಡಿ ಅಗಲದ ಕೆರೆಯೊಂದು ನೂರಾರು ಕುರಿಗಳು ಕುಡಿದರೂ ಬತ್ತುತ್ತಿರಲಿಲ್ಲ. ಮಂಜನ್ನು ಹಿಡಿದು ನೀರಾಗಿಸುವ ಮರಗಳ ಶಕ್ತಿಗೂ ಇಂತಹ ಕೆರೆಗಳಿಗೂ ನಂಟಿರಬೇಕೆಂದು ಅವನು ಊಹಿಸಿದನು. ನಮ್ಮ ಮಲೆನಾಡಿನ ಬೆಳಗುಗಳಲ್ಲಿ ಮರದಡಿ ನಿಂತು ತಲೆ ನೆನೆಸಿಕೊಂಡವರಿಗೆ ಇದು ಹೊಸತಲ್ಲ.

ಅವನ ಬಾಳಿನ ಅತ್ಯಂತ ದೊಡ್ಡ ಪಾಠವಾದರೋ 1784ರ ಡಿಸೆಂಬರಿನಲ್ಲಿ ಬಂತು. ಆಗ ಅವನಿಗೆ ಅರುವತ್ತನಾಲ್ಕು ವರ್ಷ. ಹಿಮ ಬಿದ್ದು, ಆಕಾಶ ತಿಳಿಯಾಗಿ, ಗಾಳಿ ನಿಂತು, ಹಿಂದೆಂದೂ ಕಾಣದ ಚಳಿ ಇಳಿಯಿತು. ಅವನಲ್ಲಿದ್ದ ಎರಡು ಉಷ್ಣಮಾಪಕಗಳಲ್ಲಿ ಒಂದಕ್ಕೆ ಕೆಳಗಿನ ನಾಲ್ಕು ಡಿಗ್ರಿಗಳ ಗುರುತೇ ಇರಲಿಲ್ಲ. ಅದರ ಪಾದರಸ ಹಿತ್ತಾಳೆಯ ಕಾಪಿನೊಳಗೆ ಇಳಿದು ಕಾಣದಾಯಿತು. ಹತ್ತನೆಯ ತಾರೀಖಿನ ರಾತ್ರಿ ಹನ್ನೊಂದು ಗಂಟೆಗೆ ಇನ್ನೊಂದು ಉಷ್ಣಮಾಪಕ ಫ್ಯಾರನ್‌ಹೀಟ್ ಮಾನದಲ್ಲಿ ಸೊನ್ನೆಗಿಂತ ಒಂದು ಡಿಗ್ರಿ ಕೆಳಗಿತ್ತು. ಇಂದಿನ ಸೆಲ್ಸಿಯಸ್ ಲೆಕ್ಕದಲ್ಲಿ ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗೆ. ತನ್ನ ಮನೆಗಿಂತ 200 ಅಡಿಗೂ ಎತ್ತರದಲ್ಲಿದ್ದ ನ್ಯೂಟನ್ ಎಂಬ ನೆರೆಯೂರಿನಲ್ಲಿ ಇನ್ನೆಂತಹ ಘೋರ ಚಳಿಯೋ ಎಂಬ ಕುತೂಹಲದಿಂದ, ಅಲ್ಲಿಯ ಗೆಳೆಯನಿಗೆ ಉಷ್ಣಮಾಪಕವನ್ನು ಹೊರಗೆ ತೂಗುಹಾಕಿ ನೋಡುವಂತೆ ಅಂದು ಬೆಳಗ್ಗೆಯೇ ಅವನು ಬರೆದು ಕಳುಹಿಸಿದ್ದನು. ಉತ್ತರ ಬಂತು: ಅದೇ ರಾತ್ರಿ, ಅದೇ ಹನ್ನೊಂದು ಗಂಟೆಗೆ, ಅಲ್ಲಿ 17 ಡಿಗ್ರಿ!

ಎತ್ತರದ ಊರು ತಗ್ಗಿನ ಊರಿಗಿಂತ ಬೆಚ್ಚಗಿರುವುದೆಂದರೇನು? ಗೆಳೆಯನ ಉಪಕರಣವೇ ಕೆಟ್ಟಿರಬೇಕೆಂದು ವೈಟನಿಗೆ ತೋರಿತು. ಆದರೆ ಹಾಗೆಂದುಕೊಂಡು ಅವನು ಸುಮ್ಮನಾಗಲಿಲ್ಲ. ತನ್ನದೊಂದು ಉಷ್ಣಮಾಪಕವನ್ನು ಗುಡ್ಡಕ್ಕೆ ಕಳುಹಿಸಿ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಿದನು. ಎರಡೂ ಒಂದೇ ಅಂಕೆಯನ್ನು ತೋರಿದವು. ತಪ್ಪಿದ್ದುದು ಉಪಕರಣದಲ್ಲಲ್ಲ, ತನ್ನ ಎಣಿಕೆಯಲ್ಲಿ. ಅದನ್ನು ಅವನು ಒಪ್ಪಿ ಬರೆದಿಟ್ಟನು. ಆ ಒಂದು ರಾತ್ರಿಯ ಅಂತರ 18 ಡಿಗ್ರಿ. ಆ ಹಿಮಗಾಲದ ಉದ್ದಕ್ಕೂ 10-12 ಡಿಗ್ರಿಯ ಅಂತರವಿದ್ದೇ ಇತ್ತು. ಹಿಮ ಕಳೆದ ಮೇಲೆ ಗಿಡಗಳೂ ಸಾಕ್ಷಿ ನುಡಿದವು. ವರ್ಷಗಟ್ಟಲೆ ಸಾಕಿದ ಅವನ ಹಸುರುಗಿಡಗಳೂ, ಅವನು ಬಹಳವಾಗಿ ನೊಂದುಕೊಂಡ ಆ ಇಳಿಜಾರಿನ ಚೆಲುವಾದ ಲಾರೆಲ್ ಬೇಲಿಯೂ ಸುಟ್ಟು ಕಪ್ಪಾದವು. ನ್ಯೂಟನ್ನಿನಲ್ಲಿ ಅದೇ ಜಾತಿಯ ಗಿಡಗಳು ಒಂದು ಎಲೆಯನ್ನೂ ಕಳೆದುಕೊಂಡಿರಲಿಲ್ಲ.

ಇದರ ಕಾರಣವನ್ನು ಇಂದು ಶಾಲೆಯ ಮಕ್ಕಳಿಗೂ ಹೇಳಬಹುದು. ಗಾಳಿಯಾಡದ ತಿಳಿಯಿರುಳಿನಲ್ಲಿ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣಿಯುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗಿ, ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಇಳಿಜಾರಿಗೆ ಅಡ್ಡವಾಗಿ ಗೋಡೆಯೋ ದಟ್ಟವಾದ ಬೇಲಿಯೋ ಇದ್ದರೆ ಅದರ ಮೇಲ್ಮಗ್ಗುಲಲ್ಲಿ ಚಳಿ ನಿಲ್ಲುತ್ತದೆ. ಕೆಳಗಡೆ ಒಂದು ಕಂಡಿ ಬಿಟ್ಟರೆ ಹರಿದುಹೋಗುತ್ತದೆ. ಹೀಗೆ ಒಂದೇ ಊರಿನಲ್ಲಿ, ಒಂದೇ ಹಿತ್ತಿಲಿನಲ್ಲಿ, ಮೂಲೆಮೂಲೆಗೂ ಬೇರೆಯಾಗುವ ಈ ಗುಣಕ್ಕೆ ವಿಜ್ಞಾನಿಗಳು ಸೂಕ್ಷ್ಮ ಹವಾಗುಣವೆಂದು ಹೆಸರಿಟ್ಟಿದ್ದಾರೆ. ವೈಟನ ಕಾಲಕ್ಕೆ ಆ ಹೆಸರಿರಲಿಲ್ಲ. ಹೆಸರಿಗೆ ಮೊದಲು ಅವನಿಗೆ ಸಂಗತಿ ದೊರಕಿತು.

ಥಾಮಸ್ ಪೆನಂಟ್ ಮತ್ತು ಬ್ಯಾರಿಂಗ್ಟನ್ ಎಂಬ ವಿದ್ವಾಂಸರಿಬ್ಬರಿಗೆ ಅವನು ಬರೆದ ಪತ್ರಗಳು ಪುಸ್ತಕವಾಗಿ ಹೊರಬರಲು ಬಹುಕಾಲ ಹಿಡಿಯಿತು. ಲಂಡನ್ನಿನಲ್ಲಿ ಪುಸ್ತಕ ವ್ಯಾಪಾರಿಯಾಗಿದ್ದ ತಮ್ಮ ಬೆಂಜಮಿನ್ನನೇ 1788ರ ಕೊನೆಯಲ್ಲಿ ಅದನ್ನು ಪ್ರಕಟಿಸಿದನು. ಮುಖಪತ್ರದ ಮೇಲೆ 1789 ಎಂದಿದೆ. ಆಗ ಲೇಖಕನಿಗೆ ಅರುವತ್ತೆಂಟು. ಅಂದಿನಿಂದ ಇಂದಿನವರೆಗೂ ಅದು ಮತ್ತೆಮತ್ತೆ ಅಚ್ಚಾಗುತ್ತಲೇ ಬಂದಿದೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿದ ಕನ್ನಡಿಗರಿಗೆ, ಗಿಡಮರಗಳ ವಿಜ್ಞಾನ ಸಾಹಿತ್ಯವಾಗಬಲ್ಲುದೆಂದು ಬೇರೆ ಹೇಳಬೇಕಾಗಿಲ್ಲ. 1793ರ ಜೂನ್ 26ರಂದು ವೈಟನು ತನ್ನ ಮನೆಯಲ್ಲಿಯೇ ಕಣ್ಣುಮುಚ್ಚಿದನು. ಊರ ಚರ್ಚಿನ ಅಂಗಳದಲ್ಲಿ ಅವನ ಗೋರಿಯ ಕಲ್ಲಿನ ಮೇಲೆ ಹೆಸರಿನ ಎರಡು ಅಕ್ಷರಗಳೂ ಆ ದಿನಾಂಕವೂ ಇವೆ, ಅಷ್ಟೆ. ಅವನ ಮನೆ 1955ರಿಂದ ವಸ್ತುಸಂಗ್ರಹಾಲಯವಾಗಿದೆ. ಆಮೆಯ ಚಿಪ್ಪು ಲಂಡನ್ನಿನ ನಿಸರ್ಗೇತಿಹಾಸ ಸಂಗ್ರಹಾಲಯದಲ್ಲಿದೆ.

ವೈಟನನ್ನು ಓದಿದೆವೆಂದು ಅವನ ನಿಯಮಗಳನ್ನು ನಮ್ಮ ಹಿತ್ತಿಲಿಗೆ ತಂದರೆ ಕೆಟ್ಟೆವು. ಅವನ ನಾಡಿನಲ್ಲಿ ಸೂರ್ಯನು ಸದಾ ದಕ್ಷಿಣಕ್ಕೆ ಬಾಗಿ ನಡೆಯುವವನು. ದಕ್ಷಿಣದ ಗೋಡೆಯೇ ಅಲ್ಲಿ ಬೆಚ್ಚನೆಯದು. ನಮ್ಮ ಧಾರವಾಡದಲ್ಲಾದರೋ ಮೇ ತಿಂಗಳ ಮೊದಲ ವಾರದಿಂದ ಆಗಸ್ಟಿನ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯನು ನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಅವನು ಬಿಸಿಲನ್ನು ಹಿಡಿಯಲು ಗೋಡೆ ಕಟ್ಟಿದನು. ನಾವು ಬಿಸಿಲಿನಿಂದ ಕಾಯಲು ನೆರಳನ್ನು ಹುಡುಕುತ್ತೇವೆ. ಮಾರ್ಚ್, ಏಪ್ರಿಲುಗಳ ಸಂಜೆಯಲ್ಲಿ ನನ್ನ ಪಡುವಣ ಗೋಡೆಗೆ ಅಂಗೈಯಿಟ್ಟರೆ ಸುಡುತ್ತದೆ. ಎರಡು ಬಳ್ಳಿಗಳನ್ನು ಕೊಂದುದು ಅದೇ ಕಾವು. ಬೆಳಗಿನ ಎಳೆಬಿಸಿಲು, ಮಧ್ಯಾಹ್ನದ ನೆರಳು, ಬಚ್ಚಲ ನೀರಿನ ತಂಪು, ನುಗ್ಗೆಯ ಆಸರೆ ಇವು ಕೂಡುವ ಸ್ಥಳ ನಮ್ಮ ಹಿತ್ತಿಲಿನಲ್ಲಿ ಒಂದೇ ಒಂದಿತ್ತು. ಅವ್ವನು ಅದನ್ನು ಅರಿತಿದ್ದಳು. ಆದುದರಿಂದ ವೈಟನಲ್ಲಿ ನಾವು ಕಲಿಯಬೇಕಾದುದು ಅವನ ಉತ್ತರಗಳನ್ನಲ್ಲ, ಅವನು ನೋಡಿದ ಬಗೆಯನ್ನು. ತನ್ನ ನೆಲವನ್ನು ತಾನೇ ಕೇಳುವುದು. ಅದು ತನ್ನ ಎಣಿಕೆಗೆ ವಿರುದ್ಧವಾಗಿ ನುಡಿದರೂ ಬರೆದಿಡುವುದು.

ನೋಡಿ ತಿಳಿದ ಹಿರಿಯರು ನಮ್ಮ ಮನೆಮನೆಯಲ್ಲಿಯೂ ಇದ್ದರು, ಈಗಲೂ ಅಲ್ಲಲ್ಲಿ ಇದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳುವವರೇ ಕಡಿಮೆ. ಓದುಬರಹ ಬಲ್ಲ ನಾನೇ ಬರೆದುಕೊಳ್ಳಲಿಲ್ಲ. ಕಳೆದ ಚಳಿಗಾಲದಲ್ಲಿ ಎರಡು ಉಷ್ಣಮಾಪಕಗಳನ್ನು ಕೊಂಡು ಒಂದನ್ನು ಬಾವಿಕಟ್ಟೆಯ ತಗ್ಗಿನಲ್ಲಿ, ಇನ್ನೊಂದನ್ನು ಮಾಳಿಗೆಯ ಮೇಲೆ ತೂಗುಹಾಕಿದ್ದೇನೆ. ಒಂದು ನೋಟುಪುಸ್ತಕವನ್ನೂ ಇಟ್ಟಿದ್ದೇನೆ. ಅದರ ಮೊದಲ ಪುಟವನ್ನು ಅವ್ವನ ಹೆಸರಿಗೆ ಮೀಸಲಿಟ್ಟು, ಅವಳು ಹಿತ್ತಿಲಿನ ವಿಷಯವಾಗಿ ಹೇಳಿದುದೆಲ್ಲವನ್ನೂ ನೆನೆನೆನೆದು ಬರೆದೆ. ಹನ್ನೊಂದು ಸಾಲುಗಳಾದವು. ಪುಟದ ಉಳಿದ ಭಾಗವನ್ನು ಖಾಲಿಯಾಗಿಯೇ ಬಿಟ್ಟಿದ್ದೇನೆ.